ದಿನದ ತೂಕ ನೋಡಿ ಹೆದರಬೇಡಿ: ಕ್ಷಯರೋಗದ ಚಿಕಿತ್ಸೆಯಲ್ಲಿರುವವರಿಗೆ ತಿಳುವಳಿಕೆ

ಕ್ಷಯರೋಗದ (ಟಿ.ಬಿ.) ಗುಳಿಗೆ ಆರಂಭಿಸಿ ಮೂರು ನಾಲ್ಕು ವಾರ ಕಳೆದ ಮೇಲೆ ನಮ್ಮ ಹೊರರೋಗಿ ವಿಭಾಗಕ್ಕೆ ಬರುವ ಅನೇಕರು ವೈದ್ಯರನ್ನು ಕಾಣುವ ಮೊದಲೇ ತೂಕದ ಯಂತ್ರದ ಮೇಲೆ ನಿಲ್ಲುತ್ತಾರೆ. ನಿಂತವರು ಹೇಳುವ ಮಾತು ಹೆಚ್ಚು ಕಡಿಮೆ ಒಂದೇ. "ಸಿಸ್ಟರ್, ಹೋದ ಸಲ ನಲವತ್ಮೂರು ಇತ್ತು, ಈಗ ನಲವತ್ತೆರಡು ತೋರಸ್ತೈತಿ. ಉಂಡದ್ದು ಮೈಗೆ ಹತ್ತವಲ್ದು. ಈ ಗುಳಿಗಿ ನನಗ ಆಗಿ ಬರಂಗಿಲ್ಲ ಅನಸ್ತೈತಿ."

ಈ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಏಕೆಂದರೆ ಹೀಗೆ ಅಂದುಕೊಂಡು ಮನೆಗೆ ಹೋದ ಕೆಲವರು ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ. ಎರಡು ತಿಂಗಳಲ್ಲಿ ಮೂರು ಕಿಲೋ ಬಂತು, ಕೆಮ್ಮೂ ನಿಂತಿತು, ಇನ್ನು ರೋಗ ಹೋಯಿತು ಎಂದು ಅವರೂ ಗುಳಿಗೆ ಬಿಡುತ್ತಾರೆ. ಇಬ್ಬರೂ ತೂಕದ ಯಂತ್ರ ಹೇಳದೇ ಇದ್ದ ಮಾತನ್ನು ಕೇಳಿಸಿಕೊಂಡವರು. ಆದ್ದರಿಂದ ಆ ಯಂತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಯಂತ್ರ ತೂಗುವುದು ಏನನ್ನು?

ನೀವು ಯಂತ್ರದ ಮೇಲೆ ನಿಂತಾಗ ಅದು ನಿಮ್ಮ ಮಾಂಸಖಂಡ, ಎಲುಬು, ಕೊಬ್ಬನ್ನು ಮಾತ್ರ ತೂಗುವುದಿಲ್ಲ. ಹೊಟ್ಟೆಯಲ್ಲಿರುವ ಊಟ, ಕರುಳಿನಲ್ಲಿರುವ ಮಲ, ಮೂತ್ರಕೋಶದಲ್ಲಿರುವ ಮೂತ್ರ, ಉಟ್ಟ ಬಟ್ಟೆ, ಜೇಬಿನ ಮೊಬೈಲು, ಎಲ್ಲವನ್ನೂ ಸೇರಿಸಿ ತೂಗುತ್ತದೆ. ನಮ್ಮ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ ಇರುತ್ತದೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಈಗ ಅರ್ಧ ಲೀಟರ್ ಮಜ್ಜಿಗೆ ಕುಡಿದು ಯಂತ್ರದ ಮೇಲೆ ನಿಂತರೆ ಅರ್ಧ ಕಿಲೋ ಹೆಚ್ಚು ತೋರಿಸುತ್ತದೆ. ಅದನ್ನು ಮೂತ್ರ ಮಾಡಿ ಬಂದರೆ ಹೆಚ್ಚಿದ್ದು ಇಳಿಯುತ್ತದೆ. ಇದರಲ್ಲಿ ನೀವು ದಪ್ಪ ಆದದ್ದೂ ಇಲ್ಲ, ಸೊರಗಿದ್ದೂ ಇಲ್ಲ.

ರಾತ್ರಿ ಮಲಗಿದಾಗಲೂ ಉಸಿರಿನಲ್ಲಿ ಮತ್ತು ಚರ್ಮದ ಮೂಲಕ ನೀರು ಹೋಗುತ್ತಲೇ ಇರುತ್ತದೆ. ಬೆಳಗಿನ ಮೂತ್ರವೂ ಸೇರಿದರೆ ರಾತ್ರಿಯ ತೂಕಕ್ಕಿಂತ ಬೆಳಗಿನ ತೂಕ ಅರ್ಧ ಕಿಲೋದಿಂದ ಒಂದು ಕಿಲೋವರೆಗೆ ಕಡಿಮೆ ಇರುವುದು ಸಹಜ. ಕ್ಷಯರೋಗದ ಆರಂಭದಲ್ಲಿ ರಾತ್ರಿ ಹೊದಿಕೆ ತೊಯ್ಯುವಷ್ಟು ಬೆವರುವವರಿಗೆ ಇನ್ನೂ ಹೆಚ್ಚು ವ್ಯತ್ಯಾಸ ಕಾಣುತ್ತದೆ. ಒಂದು ದಿನ ಭೇದಿಯಾದರೆ ಮರುದಿನ ಒಂದು ಕಿಲೋ ಕಡಿಮೆಯಾಗಬಹುದು. ಎರಡು ದಿನ ಮಲಬದ್ಧತೆಯಾದರೆ ಅಷ್ಟು ಹೆಚ್ಚು ತೋರಿಸಬಹುದು.

ಉಪ್ಪಿನ ಕೆಲಸವೂ ಇದೆ. ಉಪ್ಪು ನೀರನ್ನು ದೇಹದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮದುವೆ ಮನೆಯಲ್ಲೋ ಜಾತ್ರೆಯಲ್ಲೋ ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಭಜಿ ಎಲ್ಲ ಉಂಡು ಬಂದ ಮರುದಿನ ಮುಳ್ಳು ಒಂದು ಕಿಲೋ ಮುಂದೆ ಹೋದರೆ ಅದು ನೀರು. ಎರಡು ದಿನದಲ್ಲಿ ಹಿಂದೆ ಬರುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟಿನ ಮುಂಚಿನ ದಿನಗಳಲ್ಲಿ ದೇಹ ನೀರು ಹಿಡಿಯುವುದರಿಂದ ಒಂದು ಕಿಲೋ, ಕೆಲವರಲ್ಲಿ ಅದಕ್ಕೂ ಹೆಚ್ಚು ಏರಿ, ಮುಟ್ಟು ಮುಗಿಯುವಾಗ ಇಳಿಯುತ್ತದೆ. ಆ ಇಳಿತವನ್ನು ನೋಡಿ "ತಿಂದದ್ದೆಲ್ಲ ಹೋಯಿತು" ಎಂದು ಚಿಂತಿಸುವ ತಾಯಂದಿರಿಗೆ ಇದನ್ನು ಮುದ್ದಾಂ ಹೇಳಬೇಕು.

ಮೊದಲ ವಾರ ಜಿಗಿತ, ಮೂರನೇ ವಾರ ನಿರಾಸೆ

ಒಂದು ಸಂಗತಿಯನ್ನು ಮೊದಲೇ ತಿಳಿದಿದ್ದರೆ ಬಹಳ ಜನರ ನಿರಾಸೆ ತಪ್ಪುತ್ತದೆ. ನಾವು ಉಂಡ ಅನ್ನ, ರೊಟ್ಟಿಯ ಸಕ್ಕರೆ ಅಂಶದಲ್ಲಿ ಸ್ವಲ್ಪವನ್ನು ಯಕೃತ್ತು ಮತ್ತು ಮಾಂಸಖಂಡಗಳು ಗ್ಲೈಕೊಜನ್ ಎಂಬ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಹಗೇವಿನಲ್ಲಿ ಜೋಳ ಕೂಡಿಟ್ಟ ಹಾಗೆ. ರೋಗ ಬಂದು ಬಾಯಿ ಕೆಟ್ಟು ವಾರಗಟ್ಟಲೆ ಸರಿಯಾಗಿ ಉಣ್ಣದಿದ್ದಾಗ ಈ ಸಂಗ್ರಹ ಬರಿದಾಗಿರುತ್ತದೆ. ಔಷಧಿ ಆರಂಭವಾಗಿ, ಜ್ವರ ಇಳಿದು, ಹಸಿವಾಗತೊಡಗಿದ ಕೂಡಲೇ ದೇಹ ಮೊದಲು ಈ ಹಗೇವನ್ನೇ ತುಂಬುತ್ತದೆ. ಒಂದು ಗ್ರಾಂ ಗ್ಲೈಕೊಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನೂ ಇಟ್ಟುಕೊಳ್ಳುತ್ತದೆ. ಹೀಗಾಗಿ ಊಟ ಹಿಡಿದ ಮೊದಲ ವಾರ ಹತ್ತು ದಿನದಲ್ಲಿ ಒಂದು ಕಿಲೋ, ಒಂದೂವರೆ ಕಿಲೋ ಬೇಗನೆ ಏರುತ್ತದೆ. ಮನೆಯವರಿಗೆಲ್ಲ ಸಂತೋಷ. ಆಮೇಲೆ ಮುಳ್ಳು ನಿಧಾನವಾಗುತ್ತದೆ, ಒಮ್ಮೊಮ್ಮೆ ನಿಂತಲ್ಲೇ ನಿಲ್ಲುತ್ತದೆ. ಇದನ್ನು ನೋಡಿ ಔಷಧಿಯ ಗುಣ ಮುಗಿಯಿತು ಎಂದು ತಿಳಿಯುವುದು ತಪ್ಪು. ಹಗೇವು ತುಂಬಿತು, ಇನ್ನು ಗೋಡೆ ಕಟ್ಟುವ ಕೆಲಸ ಆರಂಭವಾಯಿತು ಎಂದು ತಿಳಿಯಬೇಕು. ಮಾಂಸಖಂಡ ಕಟ್ಟುವ ಕೆಲಸ ನಿಧಾನ.

ಎಷ್ಟು ನಿಧಾನ? ಸ್ವಲ್ಪ ಲೆಕ್ಕ ಮಾಡೋಣ. ದೇಹಕ್ಕೆ ಒಂದು ಕಿಲೋ ನಿಜವಾದ ತೂಕ ಕೂಡಬೇಕಾದರೆ ದಿನನಿತ್ಯದ ಖರ್ಚು ಕಳೆದು ಸುಮಾರು 7000 ಕ್ಯಾಲೊರಿ ಹೆಚ್ಚುವರಿ ಬೇಕು. ಶೇಂಗಾದ ಲೆಕ್ಕದಲ್ಲಿ ಹೇಳಿದರೆ, ನಿಮ್ಮ ಎಂದಿನ ಊಟವನ್ನೆಲ್ಲ ಉಂಡು ಅದರ ಮೇಲೆ ಒಂದೂಕಾಲು ಕಿಲೋ ಶೇಂಗಾ ತಿನ್ನಬೇಕು. ಅದನ್ನು ಒಂದೇ ರಾತ್ರಿಯಲ್ಲಿ ಯಾರೂ ತಿನ್ನಲಾರರು. ಆದ್ದರಿಂದ ನಿನ್ನೆಗಿಂತ ಇವತ್ತು ಒಂದು ಕಿಲೋ ಹೆಚ್ಚಾಗಿದ್ದರೆ ಅದು ಮೈ ಬೆಳೆದದ್ದಲ್ಲ. ನಿನ್ನೆಗಿಂತ ಇವತ್ತು ಒಂದು ಕಿಲೋ ಕಡಿಮೆಯಾಗಿದ್ದರೆ ಅದು ಮೈ ಕರಗಿದ್ದೂ ಅಲ್ಲ.

ದಿನಕ್ಕೆ 500 ಕ್ಯಾಲೊರಿ ಹೆಚ್ಚಿಗೆ ಉಂಡರೆ ಎರಡು ವಾರಕ್ಕೆ 7000 ಆಗುತ್ತದೆ, ಒಂದು ಕಿಲೋ ಕೂಡುತ್ತದೆ. ಹಂಚಿ ನೋಡಿದರೆ ದಿನಕ್ಕೆ ಸುಮಾರು 70 ಗ್ರಾಂ. ಮೇಲೆ ಹೇಳಿದ ನೀರು, ಮಲ, ಮೂತ್ರಗಳ ಏರಿಳಿತ ದಿನಕ್ಕೆ 500ರಿಂದ 1000 ಗ್ರಾಂ. ಈಗ ನೀವೇ ಯೋಚಿಸಿ. ಸಾವಿರ ಗ್ರಾಂ ಅಲುಗಾಟದ ನಡುವೆ ಎಪ್ಪತ್ತು ಗ್ರಾಂ ಬೆಳವಣಿಗೆ ಒಂದು ದಿನದಲ್ಲಿ ಕಣ್ಣಿಗೆ ಕಾಣಲು ಸಾಧ್ಯವೇ? ಮನೆಯಲ್ಲಿಡುವ ಸ್ಪ್ರಿಂಗಿನ ಯಂತ್ರದಲ್ಲಂತೂ ಅರ್ಧ ಕಿಲೋಗಿಂತ ಸಣ್ಣ ಗೆರೆಯೇ ಇರುವುದಿಲ್ಲ.

ತೂಕ ನೋಡುವ ಕ್ರಮ

ಮನೆಯಲ್ಲಿ ಯಂತ್ರ ಇಲ್ಲದವರು ಕೊಂಡು ತರಬೇಕಾದ ಅಗತ್ಯ ಇಲ್ಲ. ವಾರಕ್ಕೊಮ್ಮೆ ನಿಮ್ಮ ಊರಿನ ಉಪಕೇಂದ್ರದಲ್ಲಿ ಅಥವಾ ನಮ್ಮಲ್ಲಿ ನೋಡಿಸಿದರೆ ಸಾಕು. ಮುಖ್ಯ ಮಾತು, ಪ್ರತಿಸಲವೂ ಒಂದೇ ಯಂತ್ರ ಇರಲಿ. ಒಂದು ವಾರ ಬಸ್ ನಿಲ್ದಾಣದ ನಾಣ್ಯ ಹಾಕುವ ಯಂತ್ರ, ಇನ್ನೊಂದು ವಾರ ಕಿರಾಣಿ ಅಂಗಡಿಯ ಕಾಳು ತೂಗುವ ಕಾಟಾ, ಮತ್ತೊಂದು ವಾರ ಆಸ್ಪತ್ರೆ, ಹೀಗೆ ಮಾಡಿದರೆ ಯಂತ್ರಗಳ ನಡುವಿನ ವ್ಯತ್ಯಾಸವೇ ಒಂದೆರಡು ಕಿಲೋ ಬರಬಹುದು.

ಯಂತ್ರವನ್ನು ಕಲ್ಲಿನ ಅಥವಾ ಸಿಮೆಂಟಿನ ಸಮತಟ್ಟಾದ ನೆಲದ ಮೇಲೆ ಇಡಿ. ಸಾರಿಸಿದ ಮಣ್ಣಿನ ನೆಲ, ಚಾಪೆ, ಜಮಖಾನೆಯ ಮೇಲೆ ಇಟ್ಟರೆ ತಪ್ಪು ತೋರಿಸುತ್ತದೆ. ನಿಲ್ಲುವ ಮೊದಲು ಮುಳ್ಳು ಸೊನ್ನೆಯ ಮೇಲೆ ಇದೆಯೇ ನೋಡಿ. ಚಪ್ಪಲಿ, ಸ್ವೆಟರ್, ಶಾಲು ತೆಗೆದಿಡಿ.

ಬೆಳಿಗ್ಗೆ ಎದ್ದು, ಮಲಮೂತ್ರ ವಿಸರ್ಜನೆ ಮುಗಿಸಿ, ಏನೂ ಕುಡಿಯುವ ಮೊದಲು ನೋಡುವುದು ಉತ್ತಮ. ನಮ್ಮ ಕಡೆ ಇಷ್ಟಲಿಂಗ ಪೂಜೆ ಮುಗಿಯುವವರೆಗೆ ಬಾಯಲ್ಲಿ ಏನೂ ಹಾಕದ ರೂಢಿ ಹಿರಿಯರಲ್ಲಿ ಇದೆ. ಅಂಥವರಿಗೆ ಪೂಜೆಗೆ ಕೂಡುವ ಮೊದಲಿನ ಹೊತ್ತು ಸರಿಯಾದ ಸಮಯ. ಆದರೆ ತಲೆಸ್ನಾನ ಮಾಡಿದ ಕೂಡಲೇ ಬೇಡ. ಉದ್ದ ಕೂದಲು, ಒದ್ದೆ ಸೀರೆ ಎರಡೂ ನೀರು ಹಿಡಿದಿರುತ್ತವೆ. ಸ್ನಾನಕ್ಕೆ ಮೊದಲೇ ನೋಡಿಬಿಡಿ.

ಪೂಜೆಯ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳುತ್ತೇವೆ. ಶ್ರಾವಣ ಸೋಮವಾರ, ಶಿವರಾತ್ರಿಯ ಉಪವಾಸಗಳನ್ನು ಚಿಕಿತ್ಸೆಯ ಅವಧಿಯಲ್ಲಿ ಬಿಡಿ. ಎದುರಿಗೆ ಬಂದ ಪ್ರಸಾದವನ್ನು ಕೆಡಿಸದೆ ಸ್ವೀಕರಿಸುವುದೂ ನಮ್ಮ ಸಂಪ್ರದಾಯವೇ. ಈ ಆರು ತಿಂಗಳು ಅದನ್ನು ಪಾಲಿಸಿ.

ಬರೆದಿಟ್ಟು ಓದುವ ಬಗೆ

ಯಂತ್ರ ಮನೆಯಲ್ಲೇ ಇದ್ದು ದಿನವೂ ನೋಡುವವರಿದ್ದರೆ ಬೇಡ ಎನ್ನುವುದಿಲ್ಲ, ಆದರೆ ಬರೆದಿಡಿ. ಒಂದು ಉದಾಹರಣೆ ಕೊಡುತ್ತೇವೆ. ಒಬ್ಬರ ನೋಟ್‌ಬುಕ್ಕಿನಲ್ಲಿ ಸೋಮವಾರದಿಂದ ರವಿವಾರದವರೆಗೆ ಹೀಗೆ ಇದೆ ಎಂದು ತಿಳಿಯಿರಿ: 42.3, 42.9, 42.1, 42.6, 41.8, 42.5, 42.2. ಮರು ವಾರ: 42.6, 42.2, 43.1, 42.7, 42.9, 42.4, 43.0.

ಮೊದಲ ವಾರದ ಮಂಗಳವಾರ 42.9 ಇದ್ದದ್ದು ಮರು ಮಂಗಳವಾರ 42.2 ಆಗಿದೆ. ಈ ಎರಡೇ ದಿನ ನೋಡಿದವರು "ವಾರದಲ್ಲಿ 700 ಗ್ರಾಂ ಇಳಿದೆ" ಎಂದು ಅಳುತ್ತಾರೆ. ಶುಕ್ರವಾರದಿಂದ ಶುಕ್ರವಾರಕ್ಕೆ ನೋಡಿದವರು "ಒಂದು ಕಿಲೋ ಮೇಲೆ ಏರಿದೆ" ಎಂದು ಕುಣಿಯುತ್ತಾರೆ. ಇಬ್ಬರ ಲೆಕ್ಕವೂ ಸರಿಯಲ್ಲ. ಏಳು ದಿನಗಳನ್ನು ಕೂಡಿಸಿ ಏಳರಿಂದ ಭಾಗಿಸಿ. ಮೊದಲ ವಾರದ ಸರಾಸರಿ 42.3 ಕಿಲೋ, ಎರಡನೆಯ ವಾರದ್ದು 42.7 ಕಿಲೋ. ಅಂದರೆ ಸುಮಾರು 350 ಗ್ರಾಂ ಏರಿದೆ. ಇದು ಬಹಳ ಒಳ್ಳೆಯ ಏರಿಕೆ. ಭಾಗಾಕಾರ ಕಷ್ಟವಾದರೆ ಶಾಲೆಗೆ ಹೋಗುವ ಮಕ್ಕಳಿಗೆ ಆ ಕೆಲಸ ಕೊಡಿ, ಅವರಿಗೂ ಅಜ್ಜನ ಆರೋಗ್ಯದಲ್ಲಿ ಒಂದು ಪಾಲು ಸಿಕ್ಕಂತಾಗುತ್ತದೆ.

ವಾರಕ್ಕೊಮ್ಮೆ ಮಾತ್ರ ನೋಡುವವರು ಒಂದು ವಾರದ ಅಂಕಿಯಿಂದ ಏನನ್ನೂ ತೀರ್ಮಾನಿಸಬಾರದು. ನಾಲ್ಕು ವಾರದ ಅಂಕಿಗಳನ್ನು ಸಾಲಾಗಿ ನೋಡಬೇಕು. ಮುಳ್ಳು ಹಿಂದೆ ಮುಂದೆ ಆಡುತ್ತಲೇ ಒಟ್ಟಿನಲ್ಲಿ ಮೇಲೆ ಹೋಗುತ್ತಿದೆಯೇ ಎಂಬುದಷ್ಟೇ ಪ್ರಶ್ನೆ.

ಗುಳಿಗೆಯ ಲೆಕ್ಕಕ್ಕೂ ಇದು ಅನ್ವಯಿಸುತ್ತದೆ. ದೊಡ್ಡವರಿಗೆ ಟಿ.ಬಿ. ಗುಳಿಗೆಯನ್ನು ತೂಕ ನೋಡಿ ನಿರ್ಧರಿಸುತ್ತಾರೆ. 35ರಿಂದ 49 ಕಿಲೋ ಇದ್ದವರಿಗೆ ದಿನಕ್ಕೆ ಮೂರು, 50ರಿಂದ 64 ಕಿಲೋ ಇದ್ದವರಿಗೆ ನಾಲ್ಕು ಎಂಬ ಕ್ರಮ ಇದೆ. ಒಂದು ದಿನ 49.4, ಮರುದಿನ 50.2 ಬಂತೆಂದು ನೀವಾಗಿಯೇ ಒಂದು ಗುಳಿಗೆ ಹೆಚ್ಚಿಸುವುದು, ಇಳಿಯಿತೆಂದು ಒಂದು ಬಿಡುವುದು ಸರ್ವಥಾ ಕೂಡದು. ಅದು ವೈದ್ಯರ ಕೆಲಸ.

ತೂಕ ಏರುವುದು ಯಾಕೆ ಇಷ್ಟು ಮುಖ್ಯ?

ದಿನದ ತೂಕಕ್ಕೆ ಬೆಲೆ ಕೊಡಬೇಡಿ ಎಂದಮಾತ್ರಕ್ಕೆ ತೂಕಕ್ಕೇ ಬೆಲೆ ಇಲ್ಲ ಎಂದು ತಿಳಿಯಬೇಡಿ. ಜಾರ್ಖಂಡ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ 2022ರವರೆಗೆ ರೇಷನ್ಸ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಅದನ್ನು ನಡೆಸಿದವರಲ್ಲಿ ಪ್ರಮುಖರಾದ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ನಮ್ಮ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನವರು. ಅಲ್ಲಿ 2800 ಕ್ಷಯರೋಗಿಗಳಿಗೆ ಗುಳಿಗೆಯ ಜೊತೆಗೆ ತಿಂಗಳಿಗೆ 10 ಕಿಲೋ ಆಹಾರದ ಚೀಲ ಕೊಡಲಾಯಿತು. ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಅದರಲ್ಲಿದ್ದವು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇಕಡಾ 61ರಷ್ಟು ಕಡಿಮೆ ಇತ್ತು. ರೋಗಿಯ ಮನೆಯವರಿಗೂ ಆಹಾರ ಕೊಟ್ಟ ಕಡೆ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇಕಡಾ 40ರಷ್ಟು ತಗ್ಗಿತು.

ಶೇಕಡಾ 5 ಎಂದರೆ 40 ಕಿಲೋ ಇದ್ದವರಿಗೆ 2 ಕಿಲೋ, 46 ಕಿಲೋ ಇದ್ದವರಿಗೆ 2 ಕಿಲೋ 300 ಗ್ರಾಂ. ಎರಡು ತಿಂಗಳಲ್ಲಿ ಎರಡು ಕಿಲೋ. ಇದು ಕೈಗೆ ಎಟುಕದ ಗುರಿ ಅಲ್ಲ. ಜ್ವರ ಇರುವವರೆಗೆ ಮಾತ್ರ ಕಷ್ಟ, ಏಕೆಂದರೆ ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಖರ್ಚು ಶೇಕಡಾ 10ಕ್ಕಿಂತ ಹೆಚ್ಚಾಗುತ್ತದೆ. ಉಂಡದ್ದು ಜ್ವರಕ್ಕೇ ಉರುವಲಾಗುತ್ತದೆ. ಗುಳಿಗೆ ತಪ್ಪದೆ ತೆಗೆದುಕೊಂಡು ಜ್ವರ ಇಳಿದ ಮೇಲೆ ಅದೇ ಊಟ ಮೈಗೆ ಹತ್ತತೊಡಗುತ್ತದೆ.

ಹೆಚ್ಚಿನ 500 ಕ್ಯಾಲೊರಿಗೆ ಪೇಟೆಯ ಡಬ್ಬಿಯ ಪುಡಿ ಬೇಕಿಲ್ಲ. ಒಂದು ಲೋಟ ಹಾಲು ಸುಮಾರು 130, ಒಂದು ಹಿಡಿ ಹುರಿದ ಶೇಂಗಾ 170, ಊಟದಲ್ಲಿ ಎರಡು ಚಮಚ ತುಪ್ಪ ಅಥವಾ ಎಣ್ಣೆ 90, ಒಂದು ಜೋಳದ ರೊಟ್ಟಿ ಹೆಚ್ಚಿಗೆ ಎಂದರೆ ಸುಮಾರು 150. ಕೂಡಿಸಿದರೆ 540. ಜೊತೆಗೆ ಮೊಳಕೆ ಬಂದ ಹೆಸರು, ಮಡಿಕೆ ಕಾಳಿನ ಪಲ್ಯ, ಅಗಸಿ ಹಿಂಡಿ, ಗಟ್ಟಿ ಬೇಳೆ, ಮೊಸರು ಇರಲಿ. ಮಾಂಸಖಂಡ ಕಟ್ಟಲು ಪ್ರೋಟೀನ್ ಇವುಗಳಿಂದಲೇ ಬರಬೇಕು. ಬರೀ ಅನ್ನ ಸಾರು ಹೆಚ್ಚು ಉಂಡರೆ ಸಾಲದು. ನಮ್ಮ ದಾಸೋಹದಲ್ಲಿ ಸಸ್ಯಾಹಾರ ಮಾತ್ರ ಬಡಿಸುತ್ತೇವೆ, ಮನೆಯಲ್ಲಿ ಮೊಟ್ಟೆ ತಿನ್ನುವ ರೂಢಿ ಇದ್ದವರು ತಿನ್ನಬಹುದು. ಬಾಯಿಗೆ ಸೇರದಿದ್ದರೆ ಮೂರು ಸಲದ ಊಟವನ್ನು ಆರು ಸಲ ಮಾಡಿ.

ಬಹಳ ದಿನ ಅನ್ನ ಬಿಟ್ಟು ಎಲುಬು ಚರ್ಮ ಆದವರ ವಿಷಯದಲ್ಲಿ ಒಂದು ಎಚ್ಚರಿಕೆ. ಪ್ರೀತಿಯಿಂದಲೇ ಆದರೂ ಅಂಥವರಿಗೆ ಮೊದಲ ವಾರ ಒಮ್ಮೆಲೇ ಹೊಟ್ಟೆ ಬಿರಿಯುವಂತೆ ಉಣ್ಣಿಸಬಾರದು. ರಕ್ತದ ಲವಣಾಂಶಗಳು ಏರುಪೇರಾಗಿ ಹೃದಯಕ್ಕೆ ಅಪಾಯವಾಗುವುದುಂಟು. ಸ್ವಲ್ಪ ಸ್ವಲ್ಪವಾಗಿ, ವೈದ್ಯರ ಸಲಹೆಯಂತೆ ಹೆಚ್ಚಿಸಬೇಕು.

ನಿಕ್ಷಯ ಪೋಷಣ ಯೋಜನೆಯಲ್ಲಿ ಚಿಕಿತ್ಸೆಯ ಅವಧಿಗೆ ಆಹಾರದ ಸಹಾಯಧನ ರೋಗಿಯ ಬ್ಯಾಂಕ್ ಖಾತೆಗೆ ಬರುತ್ತದೆ. 2018ರಲ್ಲಿ ಆರಂಭವಾದಾಗ ತಿಂಗಳಿಗೆ 500 ರೂಪಾಯಿ ಇತ್ತು, ನವೆಂಬರ್ 2024ರಿಂದ 1000 ರೂಪಾಯಿ ಆಗಿದೆ. ಖಾತೆಯ ವಿವರ ಕೊಡದವರು ಆಶಾ ಕಾರ್ಯಕರ್ತೆಗೆ ಅಥವಾ ನಮ್ಮ ಟಿ.ಬಿ. ಕೊಠಡಿಯಲ್ಲಿ ಕೊಡಿ. ಆ ಹಣ ಊಟದ್ದು, ಮನೆಯ ಬೇರೆ ಖರ್ಚಿನದಲ್ಲ.

ಏರಿದ್ದೆಲ್ಲ ಒಳ್ಳೆಯದಲ್ಲ

ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿ, ಇಳಿಯದೆ ಹಾಗೆಯೇ ಇದ್ದರೆ ಕಾಲು ನೋಡಿಕೊಳ್ಳಿ. ಮುಂಗಾಲಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಬಿಡಿ. ಗುಳಿ ಬಿದ್ದು ಹಾಗೆಯೇ ಉಳಿದರೆ ಅದು ಬಾವು. ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಯಲ್ಲಿ, ರಕ್ತದಲ್ಲಿ ಪ್ರೋಟೀನ್ ತೀರ ಕಡಿಮೆಯಾದಾಗ ಹೀಗಾಗುತ್ತದೆ. ಮುಖ ಊದಿಕೊಂಡು "ಚೆನ್ನಾಗಿ ಆಗೀರಿ" ಎಂದು ನೆರೆಯವರು ಹೇಳಿದರೆ ನಂಬಬೇಡಿ. ಸಂತೆಯಲ್ಲಿ ಮಾರುವ, ಹೆಸರು ಅಂಶ ಬರೆಯದ ದಪ್ಪ ಆಗುವ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿದ್ದರೆ ಆಗುವುದೂ ಇದೇ ನೀರಿನ ಊತ. ಅದು ಕ್ಷಯರೋಗಿಗೆ ಇನ್ನಷ್ಟು ಕೇಡು.

ಇನ್ನು ನಾಲ್ಕು ವಾರದ ಅಂಕಿಗಳು ಒಟ್ಟಿನಲ್ಲಿ ಕೆಳಗೆ ಹೋಗುತ್ತಿದ್ದರೆ, ಅಥವಾ ಎರಡು ತಿಂಗಳಾದರೂ ಏನೂ ಏರದಿದ್ದರೆ ಅದು ನೀರಿನ ಆಟ ಅಲ್ಲ, ಕಾರಣ ಹುಡುಕಲೇಬೇಕು. ಸಕ್ಕರೆ ಕಾಯಿಲೆ ಇರಬಹುದು, ಗುಳಿಗೆ ನಡುನಡುವೆ ತಪ್ಪುತ್ತಿರಬಹುದು, ಮದ್ಯಪಾನ ಇರಬಹುದು, ರೋಗಾಣು ಔಷಧಿಗೆ ಬಗ್ಗದ ಜಾತಿಯದಿರಬಹುದು. ಕಫ ಮತ್ತು ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಮನೆಯಲ್ಲಿ ಕುಳಿತು ತಿಳಿಯುವುದಿಲ್ಲ.

ತೂಕ ಮೊದಲಿನಂತಾಯಿತು, ಇನ್ನು ಗುಳಿಗೆ ಯಾಕೆ ಎಂದು ಕೇಳುವವರಿಗೆ ಉತ್ತರ ಇದು: ತೂಕದ ಯಂತ್ರ ರೋಗಾಣುವನ್ನು ತೂಗುವುದಿಲ್ಲ. ಮೂರನೇ ತಿಂಗಳಲ್ಲಿ ನೀವು ಹೊಲಕ್ಕೆ ಹೋಗಿ ದುಡಿಯುವಷ್ಟು ಗಟ್ಟಿಯಾಗಿದ್ದರೂ ಶ್ವಾಸಕೋಶದಲ್ಲಿ ನಿಧಾನವಾಗಿ ಬದುಕುವ ರೋಗಾಣುಗಳು ಉಳಿದಿರುತ್ತವೆ. ಅವುಗಳನ್ನು ಮುಗಿಸಲೆಂದೇ ಮುಂದಿನ ತಿಂಗಳುಗಳ ಗುಳಿಗೆ. ನಡುವೆ ಬಿಟ್ಟರೆ ರೋಗ ಮರಳಬಹುದು, ಮರಳಿದಾಗ ಈ ಗುಳಿಗೆಗೆ ಬಗ್ಗದೆಯೂ ಇರಬಹುದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಪೂರ್ತಿ, ವೈದ್ಯರು ನಿಲ್ಲಿಸಿ ಎನ್ನುವವರೆಗೆ.

ಈ ಕೆಳಗಿನವು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಬನ್ನಿ: ಕಣ್ಣು ಹಳದಿಯಾಗುವುದು, ವಾಂತಿ ನಿಲ್ಲದಿರುವುದು, ಊಟದ ವಾಸನೆಯೇ ಬೇಡವಾಗುವುದು (ಗುಳಿಗೆಯಿಂದ ಯಕೃತ್ತಿಗೆ ತೊಂದರೆಯಾದಾಗ ಹೀಗಾಗುತ್ತದೆ), ಕಾಲಿಗೆ ಬಾವು ಬಂದು ಮಲಗಿದಾಗ ದಮ್ಮು ಹತ್ತುವುದು, ಕಫದಲ್ಲಿ ರಕ್ತ, ಮತ್ತೆ ಜ್ವರ. ಮೂತ್ರ ಕೆಂಪು ಕಿತ್ತಳೆ ಬಣ್ಣವಾಗುವುದು ರಿಫಾಂಪಿಸಿನ್ ಗುಳಿಗೆಯ ಗುಣ, ಅದಕ್ಕೆ ಹೆದರಬೇಕಿಲ್ಲ. ಬರುವಾಗ ತೂಕ ಬರೆದ ನೋಟ್‌ಬುಕ್, ಉಳಿದ ಗುಳಿಗೆ, ಖಾಲಿಯಾದ ಗುಳಿಗೆಯ ಪಟ್ಟಿ ಮೂರನ್ನೂ ಜೊತೆಗೆ ತನ್ನಿ.